ನೇರಳೆ ಬೊಟ್ಟಿನ ಬೋಲ್ಟು

ನಾನು ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿಕೊಂಡವಳಲ್ಲ. ಆದರೂ ನಮ್ಮ ಬೀದಿಯ ಫ್ಯಾನ್ಸಿ ಅಂಗಡಿಯಲ್ಲಿ ನನ್ನಷ್ಟು ಉಗುರುಬಣ್ಣ ಕೊಂಡವರು ಇನ್ನೊಬ್ಬರಿಲ್ಲ. ಅಂಗಡಿಯಾಕೆ ಮೊದಮೊದಲು ನನ್ನ ಬೋಳು ಉಗುರು ನೋಡಿ, ಆಮೇಲೆ ಮುಖ ನೋಡಿ, ಕೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದಳು. ಒಂದು ದಿನ ತಡೆಯಲಾರದೆ, "ಅಕ್ಕ, ಕಾಲಿಗೆ ಹಚ್ಕೋತೀರಾ?" ಅಂದಳು. "ಇಲ್ಲಮ್ಮ, ನಮ್ಮನೆಯವರು ಹಚ್ತಾರೆ" ಅಂದೆ. ಅವಳ ಮುಖ ನೋಡಬೇಕಿತ್ತು. "ಉಗುರಿಗಲ್ಲ ಕಣಮ್ಮ, ಬೋಲ್ಟಿಗೆ" ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಅಂಗಡಿಯಲ್ಲಿದ್ದವರೆಲ್ಲ ನಕ್ಕೂ ಆಗಿತ್ತು.

ನಮ್ಮ ಮನೆಯವರು ಕಾರು ರಿಪೇರಿಯ ಮೇಸ್ತ್ರಿ. ಎರಡು ಕಾರು ಪಕ್ಕಪಕ್ಕ ನಿಂತರೆ ಸೈಕಲ್ಲಿಗೂ ಜಾಗವಿಲ್ಲದ ತಗಡಿನ ಶೆಡ್ಡು, ಎಣ್ಣೆ ಕುಡಿದು ಕುಡಿದು ಕಪ್ಪಾದ ನೆಲ, ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ ಸ್ಪ್ಯಾನರುಗಳು. ಬಾಗಿಲ ಹತ್ತಿರ, ಬೆಳಕು ಚೆನ್ನಾಗಿ ಬೀಳುವ ಕಡೆ, ನನ್ನ ಹೊಲಿಗೆ ಯಂತ್ರ. ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು ನನ್ನ ಕೆಲಸ. ಒಳಗಿನದೆಲ್ಲ ಅವರದು, ಕೂರುವ ಜಾಗ ಮಾತ್ರ ನನ್ನದು ಎಂದು ಬಂದವರಿಗೆ ಹೇಳಿ ನಗಿಸುತ್ತಿದ್ದೆ.

ಅವರಿಗೆ ಕೋಪ ಮೂಗಿನ ತುದಿಯಲ್ಲೇ. ಯಾರಾದರೂ ಬಂದು, "ಮೇಸ್ತ್ರಿ, ಗಾಡಿಯಲ್ಲಿ ಏನೋ ಶಬ್ದ ಬರ್ತಿದೆ" ಅಂದರೆ ಸಾಕು, "ಬರ್ತಿದೆ ಅಂದ್ರೆ ನನಗೇನು ಗೊತ್ತಾಗುತ್ತೆ? ಮಾಡಿ ತೋರಿಸಿ" ಎನ್ನುತ್ತಿದ್ದರು. ಟೈ ಕಟ್ಟಿಕೊಂಡ ಬ್ಯಾಂಕ್ ಮ್ಯಾನೇಜರು ಒಮ್ಮೆ ಶೆಡ್ಡಿನ ನಡುವೆ ನಿಂತು, ಅತ್ತಿತ್ತ ನೋಡಿ, "ಕುಂಯ್... ಟಕ ಟಕ ಟಕ" ಎಂದಿದ್ದರು. ಇವರು ನಗದೆ, "ಕುಂಯ್ ಮೊದಲು ಬರುತ್ತಾ, ಟಕ ಟಕ ಮೊದಲು ಬರುತ್ತಾ? ಇನ್ನೊಂದ್ಸಲ ಮಾಡಿ" ಎಂದರು. ನಾನು ನಗು ತಡೆಯಲಾರದೆ ಸೀಟಿನ ಕವರಿನಲ್ಲಿ ಮುಖ ಮುಚ್ಚಿಕೊಂಡೆ. ಆ ಮ್ಯಾನೇಜರು ಮರ್ಯಾದೆ ಬಿಟ್ಟು ಮತ್ತೆ ಮಾಡಿದರು. ಏಕೆಂದರೆ ನಮ್ಮವರ ಕೈಗೆ ಬಂದ ಕಾರು ಸರಿಯಾಗಿಯೇ ಹೋಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು.

ಅವರದ್ದೊಂದು ಪದ್ಧತಿ. ಕಾರಿನಿಂದ ಬಿಚ್ಚಿದ ಬೋಲ್ಟನ್ನು ಎಲ್ಲರ ಹಾಗೆ ಡಬ್ಬಿಗೆ ಸುರಿಯುವವರಲ್ಲ. ಹಳೆಯ ಬಿಳಿ ಹೊದಿಕೆಯ ತುಂಡೊಂದನ್ನು ನೆಲಕ್ಕೆ ಹಾಸಿ, ಇಂಜಿನ್ನಿನಲ್ಲಿ ಯಾವುದರ ಪಕ್ಕ ಯಾವುದಿತ್ತೋ ಬಟ್ಟೆಯ ಮೇಲೂ ಹಾಗೆಯೇ ಜೋಡಿಸುತ್ತಿದ್ದರು. ಅದನ್ನು ಯಾರೂ ದಾಟುವಂತಿಲ್ಲ. ಒಮ್ಮೆ ಬೀದಿಯ ಬೆಕ್ಕು ಅದರ ಮೇಲೆ ಮಲಗಿದ್ದಕ್ಕೆ ಆ ಬೆಕ್ಕಿಗೂ ಉದ್ದದ ಭಾಷಣ ಬಿಗಿದಿದ್ದರು. ಬೋಲ್ಟನ್ನು ವಾಪಸ್ಸು ಹಾಕಿ ಬಿಗಿ ಮಾಡಿದ ಮೇಲೆ, ಅದರ ತಲೆಯಿಂದ ಪಕ್ಕದ ಕಬ್ಬಿಣಕ್ಕೆ ಸೇರುವಂತೆ ಉಗುರುಬಣ್ಣದಲ್ಲಿ ಸಣ್ಣದೊಂದು ಗೆರೆ ಎಳೆಯುವರು. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿಯುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಸೀಸೆ ನಮ್ಮ ಮಗಳದ್ದು. ಅವಳು ಶಾಲೆಗೆ ಹೋಗುತ್ತಿದ್ದಾಗ ಆಸೆಪಟ್ಟು ಕೊಂಡಿದ್ದನ್ನು ಅಪ್ಪ ಒಂದೇ ಗೇರ್‌ಬಾಕ್ಸಿಗೆ ಮುಗಿಸಿದರು. ಅವಳು ಅತ್ತು ರಂಪ ಮಾಡಿದಳು. ಅಂದಿನಿಂದ ಸೀಸೆ ತರುವುದು ನನ್ನ ಪಾಲಿಗೆ ಬಂತು. ಕೆಂಪು, ಗುಲಾಬಿ, ಕಿತ್ತಳೆ, ಅಂಗಡಿಯಾಕೆ ಯಾವುದು ಮಾರಲಾಗದೆ ಉಳಿದಿದೆ ಎನ್ನುತ್ತಾಳೋ ಅದು. ನಮ್ಮವರ ಕಣ್ಣಿಗೆ ಎಲ್ಲವೂ ಕೆಂಪೇ. ಬಣ್ಣದ ವಿಷಯದಲ್ಲಿ ಆ ಮನುಷ್ಯ ಪೂರ್ತಿ ದಡ್ಡರು.

ಅವರ ಬೆರಳ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದು ಬೆಳಗ್ಗೆ ಒಲೆಯಿಂದ ಈಗಷ್ಟೇ ಇಳಿಸಿದ ಚಹಾ ಸುರಿದು ಲೋಟ ಅವರ ಕೈಗೆ ಕೊಟ್ಟೆ. ನಾನು ಸೆರಗಿನಲ್ಲಿ ಹಿಡಿದು ಕೊಟ್ಟ ಲೋಟವನ್ನು ಅವರು ಮುಷ್ಟಿಯಲ್ಲಿ ಹಿಡಿದು, ಯಾರದೋ ಕಾರಿನ ರೇಡಿಯೇಟರಿನ ಕಥೆ ಹೇಳುತ್ತ ನಿಂತರು. ನೋಡುತ್ತಿದ್ದ ಹಾಗೆ ಅಂಗೈ ಕೆಂಪಾಯಿತು. "ಸುಡ್ತಿಲ್ವೇನ್ರೀ?" ಅಂದೆ. "ಏನು?" ಅಂದರು. ಆಮೇಲೆ ಲೋಟ ನೋಡಿಕೊಂಡರು, ನನ್ನನ್ನು ನೋಡಿದರು, ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಬಹಳ ದಿನದಿಂದ ಮುಚ್ಚಿಟ್ಟಿದ್ದಾರೆ ಎಂದು ಆ ಮೆಲ್ಲಗಿಟ್ಟ ರೀತಿಯಲ್ಲೇ ನನಗೆ ತಿಳಿಯಿತು.

ಡಾಕ್ಟರು ಅವರ ಕಣ್ಣು ಮುಚ್ಚಿಸಿ ಬೆರಳುಗಳ ತುದಿಗೆ ಸೂಜಿ ತಾಗಿಸಿದರು. "ಚುಚ್ಚಿದಾಗ ಹೇಳಿ" ಎಂದರು. ಇವರು ಪಾಪ, ಗಮನವಿಟ್ಟು ಕಾಯುತ್ತ ಕುಳಿತಿದ್ದರು. ಡಾಕ್ಟರು ಸೂಜಿ ಕೆಳಗಿಟ್ಟು ಕೈ ತೊಳೆದುಕೊಂಡು ಬಂದರೂ ಇವರು ಇನ್ನೂ ಕಣ್ಣು ಮುಚ್ಚಿಕೊಂಡು, "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದರು. ನರಗಳು ಸತ್ತಿವೆ, ಮುಂದೆ ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು, ಹೋಗಿದ್ದು ವಾಪಸ್ಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಸುತ್ತಿಬಳಸಿ ಹೇಳದ ಆ ಡಾಕ್ಟರ ಮೇಲೆ ನನಗೆ ಸಿಟ್ಟು ಬಂತು. ಸುತ್ತಿಬಳಸಿ ಹೇಳಿದ್ದರೂ ಬರುತ್ತಿತ್ತು.

ಮನೆಗೆ ಬರುವಾಗ ದಾರಿಯಲ್ಲಿ ಅವರೇ ಮಾತೆತ್ತಿದರು. "ಯಾರಿಗೂ ಹೇಳಬೇಡ. ಮಗಳಿಗೂ ಬೇಡ. ಕಣ್ಣಿದೆ, ಕಿವಿಯಿದೆ, ತೋಳಲ್ಲಿ ಶಕ್ತಿ ಇದೆ. ಹೇಗೋ ಮಾಡ್ತೀನಿ."

"ಹೇಗೋ ಮಾಡೋ ಕೆಲಸವೇನ್ರೀ ಅದು?"

"ಕೇಳು. ಒಂದೇ ಒಂದು ಬೋಲ್ಟು ನನ್ನ ಕೈಯಿಂದ ಬಿಟ್ಟುಹೋಯ್ತು ಅಂತ ಗೊತ್ತಾಗ್ಲಿ, ಅವತ್ತೇ ನಾನೇ ಶಟರ್ ಎಳೀತೀನಿ. ನೀನು ಹೇಳೋದೂ ಬೇಡ. ಅಲ್ಲೀವರೆಗೆ ತುಟಿ ಬಿಚ್ಚಬೇಡ."

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಹಿಂದೊಮ್ಮೆ ಜ್ವರ ಬಂದು ಕೆಲವು ದಿನ ಮನೆಯಲ್ಲಿದ್ದಾಗ ಗಡಿಯಾರ ಬಿಚ್ಚಿದರು, ಮಿಕ್ಸಿ ಬಿಚ್ಚಿದರು, ಕೊನೆಗೆ ಬಚ್ಚಲಿನ ಬಾಗಿಲ ಚಿಲಕ ಬಿಚ್ಚಿಹಾಕಿ ನಾನು ಹಾಡು ಹೇಳುತ್ತ ಸ್ನಾನ ಮಾಡುವ ಹಾಗೆ ಮಾಡಿದರು. ಆಗ ಕೈ ನೆಟ್ಟಗಿತ್ತು, ಬಿಚ್ಚಲಿಕ್ಕಾದರೂ ಆಗುತ್ತಿತ್ತು. ಈ ಕೈ ಇಟ್ಟುಕೊಂಡು, ಕೆಲಸವಿಲ್ಲದೆ, ಆ ಮನುಷ್ಯ ಮನೆಯಲ್ಲಿ ಏನು ಮಾಡಬೇಕು? ಅದನ್ನು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಅಲ್ಲಿಂದ ಅವರ ಪದ್ಧತಿಯಲ್ಲಿ ಒಂದು ಬದಲಾವಣೆ ಬಂತು. ಉಗುರುಬಣ್ಣದ ಕುಂಚ ನಿಮಗೆ ಗೊತ್ತೇ ಇದೆ, ಬೆಂಕಿಕಡ್ಡಿಯಷ್ಟಿರುತ್ತದೆ. ಇಂಜಿನ್ನಿನ ಸಂದಿಯಲ್ಲಿ ಕೈ ತೂರಿಸಿ ಅದನ್ನು ಹಿಡಿಯುವುದು ಅವರಿಂದ ಆಗದಾಯಿತು. ಜಾರಿ ಬೀಳುತ್ತಿತ್ತು, ಬಿದ್ದಿದ್ದೂ ತಿಳಿಯುತ್ತಿರಲಿಲ್ಲ. ಹಾಗಾಗಿ ಬೋಲ್ಟು ಇನ್ನೂ ಬಟ್ಟೆಯ ಮೇಲಿರುವಾಗಲೇ ಅದರ ತಲೆಗೊಂದು ಬೊಟ್ಟು ಇಟ್ಟು, ಒಣಗಿಸಿ, ಆಮೇಲೆ ಹಾಕತೊಡಗಿದರು. ಗೆರೆ ಹೋಗಿ ಬೊಟ್ಟಾಯಿತು. ಬಿಗಿ ಮಾಡಿ ಗುರುತಿಡುವ ಬದಲು ಗುರುತಿಟ್ಟು ಬಿಗಿ ಮಾಡುವುದಾಯಿತು.

"ಏನ್ರೀ, ಇನ್ನೂ ಹಾಕೇ ಇಲ್ಲ, ಆಗಲೇ ಬೊಟ್ಟಿಡ್ತಿದ್ದೀರಲ್ಲ?" ಎಂದು ಕೇಳಿದೆ.

"ಎರಡೂ ಒಂದೇ. ನೀನು ಹೊಲಿ" ಅಂದರು.

ಎರಡೂ ಒಂದೇ ಅಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ನಮ್ಮ ಎದುರು ಸಾಲಿನ ಮೆಡಿಕಲ್ ಸ್ಟೋರಿನವರು ತಮ್ಮ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಮೆದು ಮಾತಿನ ಮನುಷ್ಯ. ಗಾಜು ಒರೆಸುವ ವೈಪರಿಗೆ ನೀರು ತುಂಬಿಸಲು ಬಾನೆಟ್ ಎತ್ತಿದ್ದರಂತೆ. ಗಾಜಿನ ಕೆಳಗೆ ಒಣ ಎಲೆಗಳು ಸೇರಿಕೊಳ್ಳುವ ಒಂದು ತೋಡಿರುತ್ತದಲ್ಲ, ಅಲ್ಲಿ ಎಲೆಗಳ ನಡುವೆ ಒಂದು ಬೋಲ್ಟು ಬಿದ್ದಿತ್ತಂತೆ.

"ಮೇಸ್ತ್ರಿ, ಇದು ಯಾವುದ್ರದ್ದು ನೋಡಿ. ಏನಾದ್ರೂ ಕಳಚಿಕೊಂಡಿದ್ಯಾ ಅಂತ ಭಯ ಆಯ್ತು. ತಲೆ ಮೇಲೆ ನಿಮ್ಮ ಬಣ್ಣ ಬೇರೆ ಇದೆ."

ನಮ್ಮವರು ಬೋಲ್ಟನ್ನು ಅಂಗೈಗೆ ಹಾಕಿಸಿಕೊಂಡರು. ಹಿಂದಾದರೆ ಬೆರಳ ನಡುವೆ ಒಮ್ಮೆ ಉರುಳಿಸಿ, ಇಂಥ ಕಾರಿನ ಇಂಥ ಜಾಗದ್ದು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಈಗ ಬರೀ ನೋಡುತ್ತ ನಿಂತರು. ನಾನು ಹೊಲಿಗೆ ನಿಲ್ಲಿಸಿದೆ.

ಆಮೇಲೆ ಹುಡುಕಾಟ ಶುರುವಾಯಿತು. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಬ್ಯಾಟರಿಯ ಹಿಡಿಕೆಯಿಂದ ಹಿಡಿದು ಇಂಜಿನ್ನಿನ ಕಾಲುಗಳ ತನಕ ಒಂದೊಂದೇ ಬೋಲ್ಟು ನೋಡಿದರು. ಕಾರಿನ ಕೆಳಗೆ ತೂರಿ ನೋಡಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಖಾಲಿ ತೂತು ಒಂದೂ ಸಿಗಲಿಲ್ಲ. ಇರಬೇಕಾದ ಕಡೆಯೆಲ್ಲ ಬೋಲ್ಟಿತ್ತು, ಎಲ್ಲವೂ ಬಿಗಿಯಾಗಿತ್ತು. ಕಾರಿನಡಿಯಿಂದ ಈಚೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಎಷ್ಟೋ ದಿನದಿಂದ ನಾನು ನೋಡಿರದ ನಗು.

"ನಿಮ್ಮ ಗಾಡಿದಲ್ಲ ಸ್ವಾಮಿ ಇದು! ಯಾವುದೋ ಕಾಲದ್ದು. ಎಲ್ಲೋ ಸಂದಿಯಲ್ಲಿ ಸಿಕ್ಕಾಕೊಂಡಿದ್ದು ಈಗ ಉದುರಿದೆ, ಅಷ್ಟೇ. ಕೆಂಪು ಬಣ್ಣ ನೋಡಿ, ಹಳೇದು" ಎಂದರು. ಬೋಲ್ಟನ್ನು ಗುಜರಿ ಡಬ್ಬಿಗೆ ಎಸೆಯಲು ಕೈ ಎತ್ತಿದರು.

ಅದು ಕೆಂಪಾಗಿರಲಿಲ್ಲ. ನನ್ನ ಜಾಗದಿಂದಲೇ ಕಾಣುತ್ತಿತ್ತು. ನೇರಳೆ. ಅಂಗಡಿಯಾಕೆ ಯಾರಿಗೂ ಬೇಡವಾದ ಬಣ್ಣವೆಂದು ಮೊನ್ನೆ ಮೊನ್ನೆ ನನ್ನ ತಲೆಗೆ ಕಟ್ಟಿದ ನೇರಳೆ ಸೀಸೆ. ನಮ್ಮ ಶೆಡ್ಡಿಗೆ ಆ ಬಣ್ಣ ಬಂದದ್ದು ಅದೇ ಮೊದಲು. ಅಂದಮೇಲೆ ಬೋಲ್ಟು ಯಾವುದೋ ಕಾಲದ್ದಲ್ಲ, ಈಚೆಗಿನದು. ಮೇಲಾಗಿ ಅದರ ತಲೆಯ ಮೇಲಿದ್ದದ್ದು ಗೆರೆಯಲ್ಲ, ಬೊಟ್ಟು.

ಸುಳ್ಳು ಹೇಳುವುದೂ ಬೇಕಿರಲಿಲ್ಲ, ನಾನು ಸುಮ್ಮನಿದ್ದರೆ ಸಾಕಿತ್ತು. ಬೋಲ್ಟು ಡಬ್ಬಿಗೆ ಬೀಳುತ್ತಿತ್ತು, ಟಣ್ ಎನ್ನುತ್ತಿತ್ತು, ನಾನು ಯಂತ್ರ ತುಳಿಯುತ್ತಿದ್ದೆ. ಅವರ ಮುಖದಲ್ಲಿ ಆ ನಗು ಇನ್ನಷ್ಟು ದಿನ ಇರುತ್ತಿತ್ತು. ಗಂಡನಿಗಾಗಿ ಅಷ್ಟು ಮಾಡಲು ನನಗೇನೂ ಅಡ್ಡಿಯಿರಲಿಲ್ಲ. ಆದರೆ ಇಲ್ಲಿ ಒಂದು ಬೋಲ್ಟು ಹೆಚ್ಚಿದೆ ಎಂದರೆ ಎಲ್ಲೋ ಒಂದು ಕಾರಿನಲ್ಲಿ ಒಂದು ಬೋಲ್ಟು ಕಡಿಮೆಯಿದೆ, ಆ ಕಾರು ಈ ಹೊತ್ತಿನಲ್ಲಿ ಯಾರನ್ನೋ ಕೂರಿಸಿಕೊಂಡು ರಸ್ತೆಯಲ್ಲಿ ಓಡುತ್ತಿದೆ. ಅವರ ಜೊತೆ ಇಷ್ಟು ವರ್ಷ ಆ ಶೆಡ್ಡಿನಲ್ಲಿ ಕುಳಿತವಳಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ?

"ರೀ" ಅಂದೆ. "ಅದು ಹೊಸ ಸೀಸೆದು."

ಎತ್ತಿದ ಕೈ ಅಲ್ಲೇ ನಿಂತಿತು.

"ಕೆಂಪಲ್ಲ ರೀ ಅದು. ನೇರಳೆ. ಈಗ ನಡೀತಿರೋ ಸೀಸೆ."

ಅವರು ನನ್ನನ್ನು ನೋಡಿದ ನೋಟ ಇನ್ನೂ ನನ್ನ ಕಣ್ಣ ಮುಂದಿದೆ. ಸಿಟ್ಟಿರಲಿಲ್ಲ. ಕದ್ದ ಮಿಠಾಯಿ ಕೈಯಿಂದ ಕಿತ್ತುಕೊಂಡಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ. ಆಮೇಲೆ ಅವರು ಮಾಡಿದ್ದನ್ನು ನೋಡಿ ಮೆಡಿಕಲ್ ಸ್ಟೋರಿನವರು ಬೆಪ್ಪಾದರು. ನಮ್ಮವರು ಬೋಲ್ಟನ್ನು ಅಂಗಿಗೆ ಒರೆಸಿ, ತುಟಿಗೆ ತಂದು, ಕೆಳದುಟಿಯ ಮೇಲೆ ಮೆಲ್ಲಗೆ ಉರುಳಿಸಿದರು. ಬೆರಳು ಸತ್ತಮೇಲೆ ಥ್ರೆಡ್ಡಿನ ಎಳೆ ಒರಟೋ ಸಣ್ಣದೋ ಎಂದು ತಿಳಿಯಲು ಅವರಿಗೆ ಉಳಿದಿದ್ದದ್ದು ತುಟಿಯೊಂದೇ. ಯಾರೂ ಇಲ್ಲದಾಗ ಹಾಗೆ ಮಾಡುವುದನ್ನು ನಾನು ಓರೆಗಣ್ಣಿನಲ್ಲಿ ನೋಡಿದ್ದೆ. ಪರರ ಎದುರು ಮಾಡಿದ್ದು ಅದೇ ಮೊದಲು.

"ಸಣ್ಣ ಎಳೆ. ಹದಿನೇಳರ ಸ್ಪ್ಯಾನರು ಕೂರೋ ತಲೆ" ಅಂದರು. ಉಗುಳು ನುಂಗಿ, "ಬ್ರೇಕಿಂದು ಇದು. ಮುಂದಿನ ಚಕ್ರದ್ದು" ಅಂದರು.

ಬ್ರೇಕು ಹಾಕಿದಾಗ ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿಯುವ ಒಂದು ಭಾಗವಿರುತ್ತದೆ. ಅದು ಚಕ್ರದ ಒಳಗೆ ನಿಲ್ಲುವುದು ಎರಡೇ ಬೋಲ್ಟಿನ ಮೇಲೆ. ಒಂದಿಲ್ಲದಿದ್ದರೆ ಉಳಿದೊಂದರ ಮೇಲೆ ನೇತಾಡುತ್ತದೆ, ನೇತಾಡುವಷ್ಟು ದಿನ. ಇದನ್ನೆಲ್ಲ ನಮ್ಮವರು ಹೇಳಬೇಕಾಗಿರಲಿಲ್ಲ. ನೇರಳೆ ಸೀಸೆ ತೆರೆದ ಮೇಲೆ ಬ್ರೇಕಿನ ಕೆಲಸಕ್ಕೆ ಬಂದದ್ದು ಒಂದೇ ಕಾರು, ಡ್ರೈವಿಂಗ್ ಸ್ಕೂಲ್ ಮೇಡಮ್ಮಿನದು. ಅದೇ ದಿನ ಅದಕ್ಕೆ ಸೀಟಿನ ಕವರ್ ಹಾಕಿದ್ದು ನಾನೇ. ಅದರ ಪಕ್ಕದಲ್ಲಿ ಬಾನೆಟ್ ತೆರೆದು ನಿಂತಿದ್ದದ್ದು, ಆಯಿಲ್ ಬದಲಾಯಿಸಲು ಬಂದಿದ್ದ ಮೆಡಿಕಲ್ ಸ್ಟೋರಿನವರ ಇದೇ ಕಾರು. ಬೊಟ್ಟಿಟ್ಟ ಎರಡು ಬೋಲ್ಟನ್ನೂ ನಮ್ಮವರು ಅಂಗಿಯ ಜೇಬಿಗೆ ಹಾಕಿಕೊಂಡು ಚಕ್ರದ ಹತ್ತಿರ ಹೋಗಿದ್ದರು. ಜೇಬಿಗೆ ಕೈ ಹಾಕಿದಾಗ ಬಂದದ್ದು ಒಂದೇ. ಇನ್ನೊಂದು ಜೇಬಿನಲ್ಲೇ ಉಳಿದು, ಈ ಕಾರಿನ ಮೇಲೆ ಬಗ್ಗಿದಾಗ ಉದುರಿರಬೇಕು. ಒಂದು ಹಿಡಿದಿದ್ದೇನೋ ಎರಡು ಹಿಡಿದಿದ್ದೇನೋ ಆ ಬೆರಳಿಗೆ ಹೇಗೆ ತಿಳಿಯಬೇಕು?

ಮೇಡಮ್ಮಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪಾಠದ ಹೊತ್ತಿನಲ್ಲಿ ಆಕೆ ಎತ್ತುವುದಿಲ್ಲ. ದಿನವಿಡೀ ಹೊಸಬರು ಇದ್ದಕ್ಕಿದ್ದಂತೆ ಬ್ರೇಕು ತುಳಿಯುವ ಕಾರದು, ಆಕೆಯ ಕಾಲಿಗೂ ಬೇರೆಯೇ ಒಂದು ಬ್ರೇಕು ಇಟ್ಟಿರುವ ಕಾರು.

"ನನ್ನ ಗಾಡಿಯಲ್ಲೇ ಹೋಗೋಣ, ಹತ್ತಿ" ಎಂದರು ಮೆಡಿಕಲ್ ಸ್ಟೋರಿನವರು. ಅಂಗಡಿ ಬಾಗಿಲು ತೆರೆದೇ ಇದೆ ಎಂಬುದೂ ಅವರಿಗೆ ನೆನಪಿರಲಿಲ್ಲ. ಜಾಕು ಮತ್ತು ಸ್ಪ್ಯಾನರು ಹಿಂದೆ ಹಾಕಿಕೊಂಡು ಹೊರಟೆವು. ನಮ್ಮವರು ಮುಂದಿನ ಸೀಟಿನಲ್ಲಿ ಬೋಲ್ಟು ಹಿಡಿದ ಮುಷ್ಟಿಯನ್ನು ಇನ್ನೊಂದು ಕೈಯಿಂದ ಒತ್ತಿಕೊಂಡು ಕುಳಿತಿದ್ದರು. ಆಗಾಗ ಮುಷ್ಟಿ ಬಿಚ್ಚಿ ಬೋಲ್ಟು ಇದೆಯೇ ಎಂದು ನೋಡುತ್ತಿದ್ದರು.

ಗೋದಾಮುಗಳ ಹಿಂದಿನ ಅಗಲ ರಸ್ತೆಯಲ್ಲಿ ಆಕೆ ಕಲಿಸುತ್ತಾಳೆಂದು ಗೊತ್ತಿತ್ತು. ಅಲ್ಲಿಗೆ ತಿರುಗಿದಾಗ ದೂರದಲ್ಲಿ ಕಾರು ಕಂಡಿತು. ತಲೆಯ ಮೇಲೆ ಫಲಕ ಹೊತ್ತು, ಒಂದಿಷ್ಟು ಮುಗ್ಗರಿಸುತ್ತ, ಎದುರಿನಿಂದ ಬರುತ್ತಿತ್ತು. ನಮ್ಮ ಕಾರು ಪೂರ್ತಿ ನಿಲ್ಲುವ ಮೊದಲೇ ನಮ್ಮವರು ಬಾಗಿಲು ತೆರೆದು ಇಳಿದು, ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದರು. "ರೀ, ಈಚೆ ಬನ್ರೀ! ಅದಕ್ಕೇ ಬ್ರೇಕಿಲ್ಲ, ಅದರ ಮುಂದೆ ನಿಲ್ತೀರಲ್ಲ!" ಎಂದು ಕೂಗಿದೆ. ಅವರು ಕದಲಲಿಲ್ಲ. ಕಾರು ಒಮ್ಮೆ ಕಿರುಚಿ, ಒಂದು ಪಕ್ಕಕ್ಕೆ ಎಳೆದುಕೊಂಡು, ರಸ್ತೆಯಂಚಿನ ಕಲ್ಲಿಗೆ ಚಕ್ರ ತಾಗಿಸಿ ನಿಂತಿತು. ಒಳಗಿದ್ದ ಹೆಂಗಸು ಸ್ಟೀರಿಂಗ್ ಅಪ್ಪಿಕೊಂಡು ಕುಳಿತಿದ್ದಳು. ಪಕ್ಕದ ಬಾಗಿಲಿನಿಂದ ಮೇಡಂ ಇಳಿದರು. ಯಾರಿಗೂ ಏನೂ ಆಗಿರಲಿಲ್ಲ.

"ಅಣ್ಣ! ನಾಳೆ ನಿಮ್ಮತ್ರನೇ ಬರೋಣ ಅಂತಿದ್ದೆ" ಎಂದರು ಮೇಡಂ. "ಎರಡು ದಿನದಿಂದ ಒಂದು ಶಬ್ದ. ಮನೆಯಲ್ಲಿ ಪ್ರಾಕ್ಟೀಸ್ ಕೂಡ ಮಾಡ್ಕೊಂಡಿದ್ದೀನಿ, ನೀವು ಕೇಳ್ತೀರ ಅಂತ. ಟಡಕ್... ಟಡಕ್... ಆಮೇಲೆ ಖರ್ರ್."

ನಮ್ಮವರು ಯಾವುದು ಮೊದಲು ಬರುತ್ತದೆ ಎಂದು ಕೇಳಲಿಲ್ಲ. ಜಾಕು ಹಾಕಿ, ಚಕ್ರ ಬಿಚ್ಚಿದರು. ಅವರ ತೋಳಿಗೆ ಏನೂ ಆಗಿಲ್ಲ, ಚಕ್ರದ ನಟ್ಟುಗಳು ಸರಸರ ಬಂದವು. ಒಳಗೆ ಮೇಲಿನ ಬೋಲ್ಟಿನ ತಲೆಯ ಮೇಲೆ ನನ್ನ ನೇರಳೆ ಬೊಟ್ಟು. ಅದೂ ಅರ್ಧ ಸಡಿಲ. ಕೆಳಗೆ ಖಾಲಿ ತೂತು.

ಅವರು ನೆಲದ ಮೇಲೆ ಕುಳಿತು, ತಲೆ ಬಗ್ಗಿಸಿ, ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಕೈ ತೂರಿಸಿದರು. ಆ ಜಾಗ ಕಣ್ಣಿಗೆ ಕಾಣುವುದಿಲ್ಲ, ಬೆರಳೇ ಹುಡುಕಬೇಕು. ಬೋಲ್ಟನ್ನು ತೂತಿನ ಬಾಯಿಗೆ ನೇರ ಹಿಡಿದು, ಎಳೆಗೆ ಎಳೆ ಕೂಡಿತೆಂದು ಬೆರಳಿಗೆ ತಿಳಿದಮೇಲೆ ತಿರುಗಿಸಬೇಕು. ಅವರು ತಿರುಗಿಸತೊಡಗಿದರು. ಬಹಳ ನಿಧಾನವಾಗಿ, ಕಿವಿಗೊಟ್ಟು, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು.

ಬೋಲ್ಟು ಆಗಲೇ ಬಿದ್ದಿತ್ತು. ಮಣ್ಣಿನ ಮೇಲೆ ಸದ್ದಿಲ್ಲದೆ ಬಿದ್ದು ಅವರ ಚಪ್ಪಲಿಯ ಪಕ್ಕದಲ್ಲಿತ್ತು. ಅವರು ಇನ್ನೂ ತಿರುಗಿಸುತ್ತಲೇ ಇದ್ದರು. ಬರೀ ಗಾಳಿಯನ್ನು. "ಕೂತುಕೊಳ್ತಾ ಇದೆ" ಎಂದೂ ಅಂದರು.

ಮೇಡಂ ಬೋಲ್ಟನ್ನು ನೋಡಿದರು, ನನ್ನನ್ನು ನೋಡಿದರು. ಮೆಡಿಕಲ್ ಸ್ಟೋರಿನವರು ಗೋದಾಮಿನ ಗೋಡೆಯ ಕಡೆ ಮುಖ ತಿರುಗಿಸಿದರು. ಕಲಿಯಲು ಬಂದಿದ್ದ ಆ ಹೆಂಗಸು ಮಾತ್ರ ಪಾಪ, ಏನೂ ತಿಳಿಯದೆ, "ಅಂಕಲ್, ಬೋಲ್ಟ್ ಕೆಳಗೆ ಬಿದ್ದಿದೆ" ಎಂದಳು.

ಅವರ ಕೈ ನಿಂತಿತು. ಹೊರಗೆ ತೆಗೆದು, ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಬೋಲ್ಟನ್ನು ನೋಡಿದರು. ಎತ್ತಿಕೊಳ್ಳಲಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಬೋಲ್ಟನ್ನು ಸೆರಗಿಗೆ ಒರೆಸಿ ಕೈ ಒಳಗೆ ಹಾಕಿದೆ. ಸೂಜಿಗೆ ದಾರ ಪೋಣಿಸುವ ಬೆರಳು ನನ್ನದು, ತೂತು ತಕ್ಷಣ ಸಿಕ್ಕಿತು. "ನೇರ ಹಿಡಿ. ಬಲವಂತ ಮಾಡಬೇಡ. ಅದಾಗೇ ಎಳ್ಕೊಳುತ್ತೆ" ಎಂದು ಅವರು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. ಅದಾಗೇ ಎಳೆದುಕೊಂಡಿತು. ಎಷ್ಟು ಸುಲಭವಾಗಿ ಹೋಯಿತೆಂದರೆ ನನಗೆ ನಾಚಿಕೆಯಾಯಿತು. ಕೊನೆಗೆ ಉದ್ದ ಸ್ಪ್ಯಾನರು ಹಿಡಿದು ಎರಡನ್ನೂ ಅವರೇ ಬಿಗಿ ಮಾಡಿದರು.

"ಸೀಸೆ ತಂದಿದ್ದೀಯಾ?" ಎಂದು ಕೇಳಿದರು.

"ಇಲ್ಲ ರೀ."

"ಇರಲಿ ಬಿಡು."

ಮೇಡಂ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಕೈತಪ್ಪು ಯಾರಿಗಾದ್ರೂ ಆಗುತ್ತೆ ಅಣ್ಣ, ನೀವು ಓಡಿ ಬಂದ್ರಲ್ಲ" ಎಂದು ಅವರ ಭುಜ ಮುಟ್ಟಿದರು. ಆ ಕರುಣೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬೈಸಿಕೊಂಡಿದ್ದರೆ ನಮ್ಮವರು ತಿರುಗಿ ಬೈಯುತ್ತಿದ್ದರು, ಜಗಳವಾಗುತ್ತಿತ್ತು, ಒಬ್ಬ ಮನುಷ್ಯ ಇನ್ನೊಬ್ಬರ ಜೊತೆ ಮಾತಾಡಿದ ಹಾಗಾದರೂ ಇರುತ್ತಿತ್ತು. ಭುಜ ತಟ್ಟಿಸಿಕೊಂಡು ಅವರು ತಲೆ ಆಡಿಸಿದರು ಅಷ್ಟೇ.

ಆಡಿದ ಮಾತಿನಂತೆ ಅದೇ ದಿನ ಶಟರ್ ಎಳೆದರು. ನಾನು ಸುಮ್ಮನಿರಲಿಲ್ಲ. ಗೋಗರೆದೆ, ಜಗಳವಾಡಿದೆ. "ನಾನಿಲ್ವೇನ್ರೀ? ನಾನು ಹಾಕ್ತೀನಿ, ನೀವು ಪಕ್ಕದಲ್ಲಿ ಕೂತು ಹೇಳಿ. ಇವತ್ತು ಹಾಕಲಿಲ್ವಾ?"

"ನೀನು ಹಾಕ್ತೀಯ. ಹಾಕಿದ್ದು ಸರಿಯಾಗಿ ಕೂತಿದ್ಯಾ ಅಂತ ಯಾರು ಹೇಳ್ತಾರೆ?"

"ನೀವೇ ಹೇಳಿ."

"ಅದನ್ನು ಬೆರಳು ಹೇಳಬೇಕು ಕಣೇ. ನನಗೂ ಅದೇ ಹೇಳ್ತಿದ್ದಿದ್ದು. ನನಗೆ ಬೇರೆ ಏನೂ ಗೊತ್ತಿಲ್ಲ" ಎಂದರು.

ಶೆಡ್ಡನ್ನು ಈಗ ಟೈರು ಮಾರುವವರು ಹಿಡಿದಿದ್ದಾರೆ. ನನ್ನ ಯಂತ್ರ ಮನೆಗೆ ಬಂತು. ಕಾರುಗಳು ಬರುವುದಿಲ್ಲವಾದ್ದರಿಂದ ದಿಂಬಿನ ಚೀಲ, ಪರದೆ ಹೊಲಿಯುತ್ತೇನೆ. ಮಗಳು ಬಂದಿದ್ದಾಗ ಕಪಾಟು ಒಪ್ಪ ಮಾಡುತ್ತ, ನೇರಳೆ ಸೀಸೆ ಒಣಗಿ ಕಲ್ಲಾಗಿದೆ ಎಂದು ಎಸೆದಳು. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಮೊದಮೊದಲು ರಸ್ತೆಯಲ್ಲಿ ಹೋಗುವ ಕಾರುಗಳ ಸದ್ದು ಕೇಳಿ, "ಬೆಲ್ಟು ಸವೆದಿದೆ ಅದರದ್ದು", "ಸೈಲೆನ್ಸರ್ ಬೀಳುತ್ತೆ ನೋಡು ಇವತ್ತೋ ನಾಳೆಯೋ" ಎಂದು ಗೊಣಗುತ್ತಿದ್ದರು. ನಾನು ಬೇಕೆಂದೇ, "ಹೌದಾ? ನೀವು ಮಾಡಿ ತೋರಿಸಿ, ನೋಡೋಣ" ಎನ್ನುತ್ತಿದ್ದೆ. ಒಂದೆರಡು ಸಲ ಮಾಡಿಯೂ ತೋರಿಸಿದರು. ಬರಬರುತ್ತ ಅದೂ ನಿಂತಿತು. ಈಗ ಲಾರಿ ಹೋದರೂ ತಲೆ ಎತ್ತುವುದಿಲ್ಲ.

ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗುವುದಿಲ್ಲ. ಗುಂಡಿ ಸಿಕ್ಕರೆ ತೂತು ಸಿಗುವುದಿಲ್ಲ. ದಿನಾ ಬೆಳಗ್ಗೆ ಸ್ನಾನ ಮಾಡಿ ಬಂದು, ಅಂಗಿ ತೊಟ್ಟು, ನನ್ನ ಮುಂದೆ ಗಲ್ಲ ಎತ್ತಿ ನಿಲ್ಲುತ್ತಾರೆ. ನಾನು ಮೇಲಿನಿಂದ ಕೆಳಗೆ ಹಾಕುತ್ತ ಬರುತ್ತೇನೆ.

ಮೊನ್ನೆ ಒಲೆಯ ಮೇಲೆ ಹಾಲಿಟ್ಟಿದ್ದೆ. ಉಕ್ಕುವ ಸದ್ದಾಯಿತೆಂದು ಅರ್ಧದಲ್ಲಿ ಓಡಿದವಳು ವಾಪಸ್ಸು ಬಂದು ಉಳಿದಿದ್ದನ್ನು ಹಾಕಿದೆ. ಸಂಜೆ ಚಹಾ ಕೊಡುವಾಗ ನೋಡಿದರೆ ಎದೆಯ ಮೇಲಿನ ಒಂದು ಗುಂಡಿ ಬಿಟ್ಟುಹೋಗಿತ್ತು. ಅಂಗಿ ಅಲ್ಲಿ ಬಾಯಿ ಬಿಟ್ಟುಕೊಂಡಿತ್ತು. ಬೆಳಗ್ಗೆಯಿಂದ ಹಾಗೆಯೇ ಕುಳಿತಿದ್ದರು. ರಸ್ತೆಯಾಚೆ ನಿಂತ ಕಾರಿನ ಸಡಿಲ ನಟ್ಟು ಇಲ್ಲಿಂದಲೇ ಕಾಣುತ್ತಿದ್ದ ಮನುಷ್ಯ.

"ಅಯ್ಯೋ, ಒಂದು ಬಿಟ್ಟಿದ್ದೀನಿ ರೀ. ಹೇಳಬಾರದಾ?" ಎಂದು ಚಹಾ ಕೆಳಗಿಟ್ಟು ಬಗ್ಗಿದೆ.

ಅವರು ತಲೆ ತಗ್ಗಿಸಿ ಆ ಜಾಗ ನೋಡಿಕೊಂಡರು. ಅವರಿಗದು ಬೆಳಗ್ಗೆಯೇ ಗೊತ್ತಿತ್ತೆಂದು ನೋಡಿದ ರೀತಿಯಲ್ಲೇ ತಿಳಿಯಿತು.

"ಇರಲಿ ಬಿಡೇ" ಎಂದರು. "ಓಡೋ ಗಾಡಿಗೆ ತಾನೇ ಎಲ್ಲಾ ಬೋಲ್ಟೂ ಬೇಕಾಗೋದು."

ನಾನು ಆ ಗುಂಡಿ ಹಾಕಿದೆ. ಆಮೇಲೆ ಮೇಲಿನದೂ ಕೆಳಗಿನದೂ ಸರಿಯಾಗಿವೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿದೆ.